ನಿಂತ ಗೋಡೆಯನ್ನು ನಂಬಿ ಕಾಲುವೆಗೆ ಇಳಿಯುವವರಿಗೆ

"ಬೆಳಗಿನಿಂದ ಹಾಗೇ ನಿಂತಿದೆ, ಗಟ್ಟಿ ಮಣ್ಣು ಸಾರ್, ಹತ್ತು ನಿಮಿಷದ ಕೆಲಸ" ಎಂಬ ಮಾತು ಕಿವಿಗೆ ಬೀಳದ ಕಾಮಗಾರಿ ಸ್ಥಳಗಳು ಕಡಿಮೆ. ಹೆಲ್ಮೆಟ್, ಬೂಟು, ಬೇಲಿಗಳ ಅಗತ್ಯ ಎಲ್ಲರಿಗೂ ಗೊತ್ತಿರುವುದರಿಂದ ಅವನ್ನು ಇಲ್ಲಿ ವಿವರಿಸುವುದಿಲ್ಲ. ಪೈಪು ಹಾಕಲು ತೋಡಿದ ಕಾಲುವೆಯ ಗೋಡೆ ಇಷ್ಟು ಹೊತ್ತು ಕುಸಿದಿಲ್ಲವಾದ್ದರಿಂದ ಮುಂದೆಯೂ ಕುಸಿಯದು ಎಂಬ ನಂಬಿಕೆಯೊಂದನ್ನೇ ಎತ್ತಿಕೊಳ್ಳುತ್ತೇನೆ. ಅಸಲಿಗೆ, ಆಸರೆಯಿಲ್ಲದ ಗೋಡೆ ಹೊತ್ತು ಕಳೆದಂತೆ ಸಾಮಾನ್ಯವಾಗಿ ದುರ್ಬಲವಾಗುತ್ತದೆ.

ಅಗೆಯುವ ಮುನ್ನ ನೆಲದೊಳಗಿನ ಮಣ್ಣನ್ನು ಪಕ್ಕದ ಮಣ್ಣು ಒತ್ತಿ ಹಿಡಿದಿರುತ್ತದೆ. ಅಗೆದೊಡನೆ ಆ ಒತ್ತು ಹೋದರೂ ಗೋಡೆ ತಕ್ಷಣ ಬೀಳದಿರುವುದಕ್ಕೆ ಎಷ್ಟೋ ಸಲ ಕಣಗಳ ನಡುವಿನ ನೀರೇ ಕಾರಣ. ಮರಳಿನಲ್ಲಿ ತುಸು ತೇವವಿದ್ದರೆ ಕಣಗಳು ಪರಸ್ಪರ ಅಂಟಿಕೊಂಡಿರುತ್ತವೆ. ತೇವ ಆರಿದರೂ ನೀರು ಹೆಚ್ಚಾದರೂ ಆ ಹಿಡಿತ ತಪ್ಪುತ್ತದೆ. ಜೇಡಿಮಣ್ಣಿನಲ್ಲಿ ಅಗೆತದಿಂದ ಭಾರ ಇಳಿದಾಗ ಒಳಗೆ ಹೀರುವ ಒತ್ತಡವೊಂದು ಹುಟ್ಟಿ ಗೋಡೆಯನ್ನು ಕೆಲಕಾಲ ಹಿಡಿದಿಡುತ್ತದೆ, ಆದರೆ ಸುತ್ತಲಿನ ನೀರು ಮೆಲ್ಲನೆ ಒಳಸೇರಿದಂತೆ ಅದೂ ಕರಗುತ್ತದೆ. ಇದಕ್ಕೆ ಗಂಟೆಗಳು ಸಾಕೋ ದಿನಗಳು ಬೇಕೋ ಎಂಬುದನ್ನು ಮೇಲಿನಿಂದ ನೋಡಿ ಹೇಳಲು ಯಾರಿಂದಲೂ ಆಗದು. ಹಳೆಯ ಪೈಪಿಗಾಗಿ ಹಿಂದೊಮ್ಮೆ ಅಗೆದು ಮುಚ್ಚಿದ ನೆಲವಾದರೆ ಇನ್ನೂ ಕಡಿಮೆ ನಂಬಬೇಕು.

ಒಂದು ಕಡೆ ಅಂಚಿಗೆ ಸಮಾನಾಂತರವಾಗಿ ಕೂದಲೆಳೆಯಷ್ಟು ಬಿರುಕು ಕಂಡು, ಒಳಗಿದ್ದವರನ್ನು ಮೇಲೆ ಹತ್ತಿಸಿ ಕೆಲಸ ನಿಲ್ಲಿಸಿದೆ. ಆಸರೆ ಕಟ್ಟಿ ಪೈಪು ಹಾಕಿ ಮುಚ್ಚಿದ್ದಾಯಿತು, ಗೋಡೆ ಬೀಳಲಿಲ್ಲ. ಅನುಭವಿಯೂ ತನ್ನ ಆಳುಗಳ ಬಗ್ಗೆ ನಿಜವಾದ ಕಾಳಜಿಯುಳ್ಳವನೂ ಆದ ಅಲ್ಲಿನ ಮೇಸ್ತ್ರಿ, ಬೀಳದಿದ್ದುದನ್ನೇ, ಕೆಲಸ ನಿಲ್ಲಿಸಬೇಕಿರಲಿಲ್ಲ ಎಂಬ ತನ್ನ ವಾದಕ್ಕೆ ಸಾಕ್ಷಿಯಾಗಿ ಇಂದಿಗೂ ಹೇಳುತ್ತಾನೆ. ಆ ಬಿರುಕು ಗೋಡೆಯ ಹಿಂದಿನ ಮಣ್ಣು ಆಗಲೇ ಜರುಗತೊಡಗಿದ್ದರ ಗುರುತು ಎಂದು ಅವನಿಗೆ ಮನವರಿಕೆ ಮಾಡಿಕೊಡಲು ನನಗಿನ್ನೂ ಸಾಧ್ಯವಾಗಿಲ್ಲ.

ಒಂದು ಘನ ಮೀಟರ್ ಮಣ್ಣು ಸುಮಾರು 1,600ರಿಂದ 2,000 ಕಿಲೋ ತೂಗುತ್ತದೆ. ಎದೆಯವರೆಗೆ ಹೂತವನು ಉಸಿರು ಬಿಟ್ಟಾಗಲೆಲ್ಲ ಮಣ್ಣು ಇನ್ನಷ್ಟು ಬಿಗಿಯುವುದರಿಂದ, ಮುಖ ಹೊರಗಿದ್ದರೂ ಉಸಿರುಗಟ್ಟಬಹುದು. ಹಲವು ನಿಯಮಾವಳಿಗಳು ಸುಮಾರು 1.5 ಮೀಟರ್ ಆಳದಿಂದ ಆಸರೆಯನ್ನು ಕಡ್ಡಾಯಗೊಳಿಸಿವೆ. ಅದಕ್ಕಿಂತ ಕಡಿಮೆ ಆಳ ಸುರಕ್ಷಿತವೆಂದು ಇದರರ್ಥವಲ್ಲ. ಕುಕ್ಕರಗಾಲಿನಲ್ಲಿ ಕೂತು ಪೈಪು ಜೋಡಿಸುವವನ ತಲೆ 1.2 ಮೀಟರ್ ಆಳದ ಕಾಲುವೆಯಲ್ಲೂ ಅಂಚಿಗಿಂತ ಕೆಳಗಿರುತ್ತದೆ.

ಗೋಡೆಯನ್ನು ಇಳಿಜಾರಾಗಿ ಕತ್ತರಿಸಬೇಕೋ, ಹಲಗೆ ಮತ್ತು ಜಾಕ್‌ಗಳ ಆಸರೆ ಕೊಡಬೇಕೋ, ಒಳಗೆ ನಿಂತು ಕೆಲಸ ಮಾಡುವಂಥ ಉಕ್ಕಿನ ಪೆಟ್ಟಿಗೆ ಇಳಿಸಬೇಕೋ ಎಂಬುದು ಮಣ್ಣು, ಅಂತರ್ಜಲ ಹಾಗೂ ಪಕ್ಕದ ಭಾರಗಳನ್ನು ಅವಲಂಬಿಸಿದೆ. ಸ್ಥಳ ನೋಡದೆ ಅದನ್ನು ಹೇಳುವುದು ಸರಿಯಲ್ಲ. ಆದರೆ ಅಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಲು, ಏಣಿಯಿಲ್ಲದೆ ಇಳಿಯಲು, ಮಳೆ ಬಂದ ಮೇಲೆ ಮರುಪರಿಶೀಲನೆಯಿಲ್ಲದೆ ಕೆಲಸ ಮುಂದುವರಿಸಲು ನಾನು ಎಲ್ಲಿಯೂ ಒಪ್ಪುವುದಿಲ್ಲ. ಆಸರೆಯನ್ನು ಮೇಲಿನಿಂದ ಕೆಳಕ್ಕೆ ಕಟ್ಟುತ್ತ ಹೋಗಬೇಕು, ತೆಗೆಯುವಾಗ ಮಣ್ಣು ತುಂಬುತ್ತ ಕೆಳಗಿನಿಂದ ಮೇಲಕ್ಕೆ ಬಿಚ್ಚಬೇಕು. ಕೆಲಸ ಮುಗಿಯಿತೆಂದು ಎಲ್ಲವನ್ನೂ ಒಮ್ಮೆಲೇ ಕಿತ್ತರೆ, ಆ ಹೊತ್ತಿನಲ್ಲಿ ಕೆಳಗಿರುವುದು ಅದನ್ನು ಕೀಳುವವನೇ.