ಭೂಸೇನೆಯ ಅಧಿಕಾರಿ ಪೈಲಟ್ ಆಗಬಹುದೇ?

ಪ್ರಶ್ನೆ: ನಾನು ಭೂಸೇನೆಯಲ್ಲಿ ಲೆಫ್ಟಿನೆಂಟ್, ವಯಸ್ಸು 24. ವಾಯುಪಡೆಗೆ ಬದಲಾಯಿಸಿಕೊಂಡು ಪೈಲಟ್ ಆಗಲು ಸಾಧ್ಯವೇ? ಇಲ್ಲವಾದರೆ ಬೇರೆ ದಾರಿ ಇದೆಯೇ?

ವಾಯುಪಡೆಯ ಆಸೆ ಬಿಡಿ. ಪೈಲಟ್ ಆಗುವ ಆಸೆಯನ್ನು ಬಿಡಬೇಕಿಲ್ಲ.

ಎಎಫ್‌ಕ್ಯಾಟ್ ಅಥವಾ ಸಿಡಿಎಸ್ ಪ್ರವೇಶ ಪರೀಕ್ಷೆ ಬರೆದು ವಾಯುಪಡೆಯ ಫ್ಲೈಯಿಂಗ್ ಶಾಖೆ ಸೇರುವವರ ವಯಸ್ಸು ತರಬೇತಿ ಶುರುವಾಗುವ ಹೊತ್ತಿಗೆ 20ರಿಂದ 24ರೊಳಗಿರಬೇಕು. ಚಾಲ್ತಿಯಲ್ಲಿರುವ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದವರಿಗೆ 26ರವರೆಗೆ ಸಡಿಲಿಕೆ ಇದೆ. ಪದವಿ ಮುಗಿಸಿ 22ಕ್ಕೆ ಡೆಹ್ರಾಡೂನಿನ ಸೇನಾ ಅಕಾಡೆಮಿ ಐಎಂಎ ಸೇರಿದರೆ ಅಲ್ಲಿ 18 ತಿಂಗಳು, ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿ ಒಟಿಎ ಆದರೆ 49 ವಾರ. ಹೆಗಲ ಮೇಲೆ ಎರಡು ನಕ್ಷತ್ರ ಕೂರುವಷ್ಟರಲ್ಲಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಚಿಕ್ಕ ವಯಸ್ಸಿನಲ್ಲೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಸೇರಿ ಬಂದವರಿಗೆ ಒಂದೆರಡು ವರ್ಷ ಉಳಿದಿರಬಹುದು. ಆದರೆ ಕಮಿಷನ್, ಅಂದರೆ ಸೇನಾಧಿಕಾರಿಯ ಹುದ್ದೆ, ಬಿಡುವುದೆಂದರೆ ಖಾಸಗಿ ಕಂಪನಿಯಲ್ಲಿ ನೋಟಿಸ್ ಕೊಟ್ಟಂತಲ್ಲ. ರಾಜೀನಾಮೆಯನ್ನು ಕೇಂದ್ರ ಸರಕಾರ ಅಂಗೀಕರಿಸಬೇಕು, ಅಷ್ಟರಲ್ಲಿ ವಯಸ್ಸು ಕಾಯುವುದಿಲ್ಲ.

ನಿಜವಾದ ದಾರಿ ಇರುವುದು ಭೂಸೇನೆಯೊಳಗೇ: ಅದರದೇ ವೈಮಾನಿಕ ವಿಭಾಗವಾದ ಆರ್ಮಿ ಏವಿಯೇಷನ್ ಕೋರ್. 1986ರ ನವೆಂಬರ್ 1ರಂದು ಹುಟ್ಟಿದ ಈ ಕೋರ್‌ನ ಬೇರು ಆರ್ಟಿಲರಿಯಲ್ಲಿ, ಅಂದರೆ ಫಿರಂಗಿ ದಳದಲ್ಲಿದೆ. ಆಕಾಶದಿಂದ ಗುಂಡು ಬಿದ್ದ ಜಾಗ ನೋಡಿ ತೋಪಿನ ಗುರಿ ತಿದ್ದಿಸುತ್ತಿದ್ದ ವೀಕ್ಷಣಾ ತುಕಡಿಗಳೇ ಬೆಳೆದು ಪ್ರತ್ಯೇಕ ಕೋರ್ ಆದವು. ಸೇನೆಯ ಬೇರೆ ಬೇರೆ ವಿಭಾಗಗಳಿಂದ (ಆರ್ಮ್‌ಗಳಿಂದ) ವಾಲಂಟಿಯರ್‌ಗಳನ್ನು ಕರೆದು ಪೈಲಟ್ ಮಾಡುವ ಪದ್ಧತಿ ಇಲ್ಲಿ ಮೊದಲಿನಿಂದಲೂ ಇದೆ. 2022ರ ಮೇ 25ರಂದು ನಾಸಿಕದಲ್ಲಿ ಪೈಲಟ್‌ನ ಬ್ಯಾಡ್ಜ್ ಆದ ವಿಂಗ್ಸ್ ಪಡೆದು ಭೂಸೇನೆಯ ಮೊದಲ ಮಹಿಳಾ ಯುದ್ಧ ವೈಮಾನಿಕಳಾದ ಕ್ಯಾಪ್ಟನ್ ಅಭಿಲಾಷಾ ಬರಾಕ್ 2018ರ ಸೆಪ್ಟೆಂಬರಿನಲ್ಲಿ ಕಮಿಷನ್ ಪಡೆದಿದ್ದು ಆರ್ಮಿ ಏರ್ ಡಿಫೆನ್ಸ್‌ನಲ್ಲಿ. ಜರಡಿ ಎಷ್ಟು ಸಣ್ಣದು ಎನ್ನುವುದಕ್ಕೂ ಅದೇ ತಂಡ ಸಾಕ್ಷಿ: 2021ರಲ್ಲಿ ಮುಂದೆ ಬಂದ ಮಹಿಳಾ ಅಧಿಕಾರಿಗಳು 15 ಮಂದಿ, ಪರೀಕ್ಷೆ ಮತ್ತು ವೈದ್ಯಕೀಯ ದಾಟಿ ತರಬೇತಿಗೆ ಆಯ್ಕೆಯಾದವರು ಇಬ್ಬರು.

ಒಂದು ಮಾತು ಮೊದಲೇ ತಿಳಿದಿರಲಿ. ಇಲ್ಲಿ ಹಾರಿಸುವುದು ಹೆಲಿಕಾಪ್ಟರ್. ಚೇತಕ್, ಚೀತಾ, ಧ್ರುವ್, ರುದ್ರ, ಪ್ರಚಂಡ್, 2025ರ ಜುಲೈನಿಂದ ಅಪಾಚೆ. ಫೈಟರ್ ಜೆಟ್ಟಾಗಲಿ ಚಿನೂಕ್‌ನಂಥ ದೊಡ್ಡ ಹೆಲಿಕಾಪ್ಟರಾಗಲಿ ವಾಯುಪಡೆಯದು. ಡ್ರೋನ್‌ಗಳೂ ಈಗ ಈ ಕೋರ್‌ನ ಕೈಯಲ್ಲಿರುವುದರಿಂದ, ವಾಲಂಟಿಯರ್‌ಗಳನ್ನು ಕೇಳುವ ಕರೆಪತ್ರ ಬಂದಾಗ ಅದು ಕಾಕ್‌ಪಿಟ್‌ಗೋ ಡ್ರೋನ್ ಕೆಲಸಕ್ಕೋ ಎಂದು ಸರಿಯಾಗಿ ಓದಿಕೊಳ್ಳಿ.

ಅರ್ಜಿಗಿಂತ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ್ದು ಒಂದಿದೆ: ಸಿಪಿಎಸ್‌ಎಸ್ ಅಥವಾ ಅದರ ಹಳೆಯ ರೂಪವಾದ ಪಿಎಬಿಟಿ ಬರೆದಿದ್ದೀರಾ? ಪೈಲಟ್ ಆಗುವ ಸಹಜ ಒಲವನ್ನು ಅಳೆಯುವ ಈ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ. ಹದಿನೇಳನೇ ವಯಸ್ಸಿನಲ್ಲಿ ಎನ್‌ಡಿಎ ಅರ್ಜಿಯಲ್ಲಿ ‘ಇರಲಿ’ ಎಂದು ವಾಯುಪಡೆಗೂ ಟಿಕ್ ಹಾಕಿ, ಮೈಸೂರಿನ ಆಯ್ಕೆ ಮಂಡಳಿಯಲ್ಲಿ ಬರೆದು ಫೇಲಾಗಿ, ಆಮೇಲೆ ಭೂಸೇನೆ ಸೇರಿದವರು ಬೇಕಾದಷ್ಟು ಜನ. ಆ ಫಲಿತಾಂಶ ದಾಖಲೆಯಲ್ಲಿ ಉಳಿದಿರುತ್ತದೆ, ಯುನಿಟ್‌ನ ಕಮಾಂಡಿಂಗ್ ಆಫೀಸರ್ (ಸಿಒ) ಶಿಫಾರಸಿನಿಂದ ಅಳಿಸಿಹೋಗುವುದಿಲ್ಲ. ಮುಚ್ಚಿಡಲು ಹೋದರೆ ಪೈಲಟ್ ಕನಸಿನ ಜೊತೆ ಹೆಸರೂ ಕೆಡುತ್ತದೆ.

ಪರೀಕ್ಷೆಯಲ್ಲಿ ಏನಿರುತ್ತದೆ? ಮೊದಲ ಭಾಗ ವಿಮಾನದ ಮೀಟರ್‌ಗಳನ್ನು ಓದುವುದು. ವಿವರಿಸಿಕೊಡುತ್ತಾರೆ, ಆಮೇಲೆ ಸಮಯ ಬಹಳ ಕಡಿಮೆ. ಎತ್ತರ ತೋರಿಸುವ ಆಲ್ಟಿಮೀಟರ್‌ನಲ್ಲಿ ಚಿಕ್ಕ ಮುಳ್ಳು ಸಾವಿರ, ಉದ್ದ ಮುಳ್ಳು ನೂರು. ಚಿಕ್ಕದು 3 ಮತ್ತು 4ರ ನಡುವೆ, ಉದ್ದದ್ದು 5ರ ಮೇಲೆ ಇದ್ದರೆ 3,500 ಅಡಿ. ಅವಸರದಲ್ಲಿ ಉದ್ದ ಮುಳ್ಳನ್ನು ಮೊದಲು ಓದಿದವರು 5,300 ಎಂದು ಗುರುತಿಸಿಬಿಡುತ್ತಾರೆ. ಕೃತಕ ದಿಗಂತದ ಮೀಟರ್ ಇನ್ನೂ ಮೋಸದ್ದು: ವಿಮಾನ ಬಲಕ್ಕೆ ವಾಲಿದಾಗ ಗಾಜಿನೊಳಗಿನ ದಿಗಂತದ ಗೆರೆ ಎಡಕ್ಕೆ ವಾಲಿದಂತೆ ಕಾಣುತ್ತದೆ. ಹೊರಗೆ ದಿಗಂತ ನೆಟ್ಟಗೇ ಇದೆ, ವಾಲಿರುವುದು ನಾವು ಎಂದು ಮನಸ್ಸಿಗೆ ಒಮ್ಮೆ ನಾಟಿದರೆ ಆಮೇಲೆ ತಪ್ಪುವುದಿಲ್ಲ.

ಎರಡನೇ ಭಾಗ ಕೈಕಾಲಿನದು. ಪರದೆಯ ಮೇಲೆ ಓಡಾಡುವ ಚುಕ್ಕಿಯನ್ನು ನಡುವಿನ ಚೌಕದೊಳಗೆ ಹಿಡಿದಿಡಬೇಕು. ಸ್ಟಿಕ್ಕಿನಿಂದ ಮೇಲೆ-ಕೆಳಗೆ, ಪೆಡಲ್‌ನಿಂದ ಎಡ-ಬಲ. ನಡುನಡುವೆ ದೀಪ ಹೊತ್ತಿಕೊಳ್ಳುತ್ತದೆ, ಸದ್ದು ಕೇಳಿಸುತ್ತದೆ, ಅವನ್ನೂ ಆರಿಸುತ್ತಿರಬೇಕು. ಹೆಚ್ಚಿನವರು ಕೆಡಿಸಿಕೊಳ್ಳುವುದು ಅತಿಯಾಗಿ ತಿದ್ದಲು ಹೋಗಿ. ಚುಕ್ಕಿ ಎಡಕ್ಕೆ ಜಾರಿತೆಂದು ಪೆಡಲ್ ಜೋರಾಗಿ ತುಳಿದರೆ ಅದು ಬಲಕ್ಕೆ ಹಾರುತ್ತದೆ, ಅದನ್ನು ಅಟ್ಟಿಸಿಕೊಂಡು ಹೋದಷ್ಟೂ ತೂಗಾಟ ಹೆಚ್ಚು. ಸಣ್ಣದಾಗಿ ಒತ್ತಿ, ಒಂದು ಕ್ಷಣ ತಡೆದು, ಮತ್ತೆ ಒತ್ತುವವರು ನಿಲ್ಲಿಸುತ್ತಾರೆ. ಮೂರನೆಯದು ಚಲಿಸುವ ದಾರಿಯಲ್ಲಿ ಬರುವ ಚುಕ್ಕಿಗಳನ್ನು ಸ್ಟಿಕ್ಕಿನಿಂದ ಹಿಡಿಯುವುದು.

ಇನ್ನು ವೈದ್ಯಕೀಯ. ‘ನಾನು ಶೇಪ್-1, ನನಗೇನು ಭಯ’ ಎಂದುಕೊಂಡವರು ಎಡವುವುದು ಇಲ್ಲೇ. ಅದು ಸೈನಿಕನ ವೈದ್ಯಕೀಯ ದರ್ಜೆ, ವೈಮಾನಿಕನಿಗೆ ಬೇಕಾದ್ದು ಎ1ಜಿ1 ದರ್ಜೆ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವೈಮಾನಿಕ ವೈದ್ಯಕೀಯ ಸಂಸ್ಥೆ ಇಂಥ ತಪಾಸಣೆಗೆ ಹೆಸರಾದ ಜಾಗ. ವಾಯುಪಡೆಯ ಪೈಲಟ್ ಪ್ರವೇಶದ ಅಳತೆ ಹೀಗಿದೆ: ಎತ್ತರ ಕನಿಷ್ಠ 162.5 ಸೆಂ.ಮೀ., ಕೂತಾಗಿನ ಎತ್ತರ 81.5ರಿಂದ 96, ಕಾಲಿನ ಉದ್ದ 99ರಿಂದ 120, ತೊಡೆಯ ಉದ್ದ 64 ಮೀರಬಾರದು. ತೊಡೆ ಉದ್ದವಾದರೆ ಮೊಣಕಾಲು ಮುಂದಿನ ಫಲಕಕ್ಕೆ ತಾಗುತ್ತದೆ, ಕಾಲು ಗಿಡ್ಡವಾದರೆ ಪೆಡಲ್ ಎಟುಕುವುದಿಲ್ಲ. ಮೂಳೆಯ ಅಳತೆಗೆ ವ್ಯಾಯಾಮದ ಮದ್ದಿಲ್ಲ, ಆದ್ದರಿಂದ ಗೋಡೆಗೆ ಬೆನ್ನು ಕೊಟ್ಟು ಕೂತು ಮನೆಯಲ್ಲೇ ಟೇಪು ಹಿಡಿದು ನೋಡಿಕೊಳ್ಳಿ. ಬೆನ್ನುಮೂಳೆಯ ಎಕ್ಸ್‌ರೇ ಕೂಡ ಇರುತ್ತದೆ. ತರಬೇತಿಯಲ್ಲಿ ಬಿದ್ದು ಬೆನ್ನು ನೋಯಿಸಿಕೊಂಡು, ವಾಸಿಯಾಯಿತೆಂದು ಸುಮ್ಮನಿದ್ದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಕಣ್ಣಿನ ಲೇಸರ್ ಶಸ್ತ್ರಚಿಕಿತ್ಸೆ ಆಗಿದ್ದರೆ ಅದೊಂದರಿಂದಲೇ ತಿರಸ್ಕಾರವಿಲ್ಲ. 20 ವರ್ಷ ತುಂಬಿದ ಮೇಲೆ ಮಾಡಿಸಿರಬೇಕು, ಕನಿಷ್ಠ 12 ತಿಂಗಳು ಕಳೆದಿರಬೇಕು, ಕಾರ್ನಿಯಾದ ದಪ್ಪ 450 ಮೈಕ್ರಾನ್‌ಗಿಂತ ಕಡಿಮೆ ಇರಬಾರದು. ಬ್ಲೇಡಿನಿಂದ ಕಾರ್ನಿಯಾ ಕೊಯ್ಯುವ ಹಳೆಯ ರೇಡಿಯಲ್ ಕೆರಟಾಟಮಿ ಆಗಿದ್ದರೆ ಮಾತ್ರ ಕಾಯಂ ಅನರ್ಹತೆ. ಬಣ್ಣಗುರುಡಿಗೂ ರಿಯಾಯಿತಿ ಇಲ್ಲ.

ಅರ್ಜಿ ಹೋಗುವುದು ಸಿಒ ಮೂಲಕ. ಯುನಿಟ್‌ನಲ್ಲಿ ಅಧಿಕಾರಿಗಳು ಕಡಿಮೆ ಇದ್ದಾಗ ಒಳ್ಳೆಯ ಲೆಫ್ಟಿನೆಂಟನ್ನು ಬಿಟ್ಟುಕೊಡಲು ಯಾವ ಸಿಒಗೂ ಮನಸ್ಸು ಬಾರದು. ಕರೆಪತ್ರ ಬಂದ ದಿನ ಓಡಿಹೋಗಿ ಕೇಳುವ ಬದಲು ಆರು ತಿಂಗಳು ಮುಂಚೆಯೇ ಕಿವಿಗೆ ಹಾಕಿಡಿ. ವಯಸ್ಸು ಮತ್ತು ಸೇವಾವಧಿಯ ಮಿತಿಗೆ ಆಯಾ ಕರೆಪತ್ರವನ್ನೇ ನಂಬಿ, ಮೆಸ್ಸಿನಲ್ಲಿ ಸೀನಿಯರ್ ಹೇಳಿದ ಹಳೆಯ ಲೆಕ್ಕವನ್ನಲ್ಲ.

ಆಯ್ಕೆಯಾದರೆ ನಾಸಿಕದ ಕಾಂಬ್ಯಾಟ್ ಆರ್ಮಿ ಏವಿಯೇಷನ್ ಟ್ರೇನಿಂಗ್ ಸ್ಕೂಲ್‌ನಲ್ಲಿ ಸುಮಾರು ಒಂದು ವರ್ಷ. ಮೊದಲ ವಾರಗಳಲ್ಲಿ ಎಲ್ಲರನ್ನೂ ಕಾಡುವುದು ಹೋವರ್, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು. ಎಡಗೈಯ ಕಲೆಕ್ಟಿವ್ ಎತ್ತಿದರೆ ಯಂತ್ರ ಏರುತ್ತದೆ, ಜೊತೆಗೇ ಮೂತಿ ತಿರುಗುತ್ತದೆ. ಅದನ್ನು ಪೆಡಲ್‌ನಿಂದ ತಡೆದರೆ ಪಕ್ಕಕ್ಕೆ ಜಾರುತ್ತದೆ, ಆಗ ಬಲಗೈಯ ಸೈಕ್ಲಿಕ್ ಬೇಕು. ಮೂರನ್ನೂ ಒಟ್ಟಿಗೆ, ಬೆರಳತುದಿಯಷ್ಟೇ ಅಲುಗಾಡಿಸಿ ಮಾಡಬೇಕು. ಆ ಚುಕ್ಕಿ-ಚೌಕದ ಪರೀಕ್ಷೆ ಏಕಿತ್ತೆಂದು ಆಗ ಅರ್ಥವಾಗುತ್ತದೆ. ಕೈ ಕೂಡದಿದ್ದರೆ ನೌಕರಿ ಹೋಗುವುದಿಲ್ಲ, ಮರಳಿ ನಿಮ್ಮ ಮೂಲ ರೆಜಿಮೆಂಟಿಗೆ ಬರುತ್ತೀರಿ.

ಬಡ್ತಿಯ ಚಿಂತೆ ಆರಂಭದಲ್ಲಿ ಬೇಡ. 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್ ಎಂಬ ಕಾಲಬದ್ಧ ಲೆಕ್ಕ ಎಲ್ಲಿದ್ದರೂ ಒಂದೇ. ಕರ್ನಲ್‌ನಿಂದಾಚೆ ಆಯ್ಕೆ ಮಂಡಳಿ, ಅಲ್ಲಿ ಯಾವ ಕೋರ್ ಎನ್ನುವುದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕೆಲವು ವರ್ಷ ಹಾರಿ ಮೂಲ ಆರ್ಮ್‌ಗೆ ಮರಳುತ್ತೀರೋ, ಕಾಯಂ ಆಗಿ ಏವಿಯೇಷನ್‌ನಲ್ಲೇ ಉಳಿಯುತ್ತೀರೋ ಎಂಬುದನ್ನು ಸಹಿ ಹಾಕುವ ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಹಾರಾಟ ಭತ್ಯೆಯನ್ನು 7ನೇ ವೇತನ ಆಯೋಗ ಅಧಿಕಾರಿಗಳಿಗೆ ತಿಂಗಳಿಗೆ 25,000 ರೂಪಾಯಿ ಎಂದು ನಿಗದಿ ಮಾಡಿತ್ತು. ಅದನ್ನು ನಂಬಿ ಮನೆಸಾಲದ ಕಂತು ಕಟ್ಟಿಕೊಳ್ಳಬೇಡಿ, ವೈಮಾನಿಕರಿಗೆ ಪ್ರತಿ ವರ್ಷ ವೈದ್ಯಕೀಯ ತಪಾಸಣೆ ಇರುತ್ತದೆ.