ಮಷಿನ್ ಆರಿಸುವ ಮೊದಲು ಮನೆಯ ನೀರು ನೋಡಿ

"ಅಣ್ಣ, ಫ್ರಂಟ್ ಲೋಡ್ ತಗೊಳ್ಳೋದಾ, ಟಾಪ್ ಲೋಡಾ?" ಬೆಂಗಳೂರಿನಲ್ಲಿ ವಾಷಿಂಗ್ ಮಷಿನ್ ರಿಪೇರಿ ಮಾಡುವ ನನಗೆ ಇದು ದಿನವೂ ಬರುವ ಪ್ರಶ್ನೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮನೆಗೆ ಬರೋದು ಕಾವೇರಿ ನೀರಾ, ಬೋರ್ ನೀರಾ, ಟ್ಯಾಂಕರ್ ನೀರಾ? ಅದು ಗೊತ್ತಾಗದೆ ನಾನು ಯಾವ ಮಾದರಿಯನ್ನೂ ಹೇಳುವುದಿಲ್ಲ. ನಾನು ಬಿಚ್ಚುವ ಮಷಿನ್‌ಗಳಲ್ಲಿ ಹೆಚ್ಚಿನವು ಕೆಡುವುದು ನೀರಿನಿಂದ, ಮತ್ತು ಆ ನೀರಿಗೆ ಹೆದರಿ ಸುರಿದ ಪೌಡರ್‌ನಿಂದ.

ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಇವು ಜಾಸ್ತಿ ಇರುವ ನೀರನ್ನೇ ಗಡಸು ನೀರು ಅನ್ನುವುದು. ಟ್ಯಾಂಕರ್‌ನಲ್ಲಿ ಬರುವುದೂ ಸಾಮಾನ್ಯವಾಗಿ ಬೋರ್ ನೀರೇ. ಈ ನೀರನ್ನು ಕಾಯಿಸಿದಾಗ ಬಿಳಿ ಪದರ ಕಟ್ಟುತ್ತದೆ. ಫ್ರಂಟ್ ಲೋಡ್ ಮಷಿನ್‌ನ ಹೀಟರ್ ರಾಡ್ ಮೇಲೂ ಅದೇ ಕೂರುತ್ತದೆ. ಪದರ ದಪ್ಪವಾದಷ್ಟೂ ರಾಡ್‌ನ ಕಾವು ನೀರಿಗೆ ಸರಿಯಾಗಿ ಹೋಗುವುದಿಲ್ಲ. ರಾಡ್ ತಾನೇ ವಿಪರೀತ ಕಾದು, ಕೊನೆಗೆ ಸುಟ್ಟುಹೋಗುತ್ತದೆ.

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. ಗಡಸು ನೀರು ಪೌಡರ್‌ನ ಶಕ್ತಿಯನ್ನು ಸ್ವಲ್ಪ ತಾನೇ ತಿಂದುಬಿಡುತ್ತದೆ. ಬಟ್ಟೆ ಒರಟಾಗುತ್ತದೆ, ಬಿಳಿ ಅಂಗಿ ಮಂಕಾಗುತ್ತದೆ. ಆಗ ಮನೆಯವರು ಇನ್ನೊಂದು ಚಮಚ ಪೌಡರ್ ಹಾಕುತ್ತಾರೆ. ಅದೂ ಸಾಲದೆ ಮತ್ತೊಂದು. ಅಷ್ಟು ಪೌಡರ್ ತೊಳೆದುಹೋಗಲು ಫ್ರಂಟ್ ಲೋಡ್ ತೆಗೆದುಕೊಳ್ಳುವ ಸ್ವಲ್ಪ ನೀರು ಸಾಲುವುದಿಲ್ಲ. ಉಳಿದದ್ದು ಡ್ರಮ್ಮಿನ ಹಿಂದೆ, ಹೊರಗಿನ ಟಬ್ಬಿಗೆ ಮೆತ್ತಿಕೊಂಡು ಜಿಡ್ಡಾಗುತ್ತದೆ. ಬಾಗಿಲು ತೆಗೆದರೆ ಬರುವ ಮುಗ್ಗು ವಾಸನೆಗೆ ಮುಖ್ಯ ಕಾರಣ ಅದೇ. ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವುದು ಮೂರು ಕೈಯ ಒಂದು ಅಲ್ಯೂಮಿನಿಯಂ ಭಾಗ. ನಾವು ಅದನ್ನು ಸ್ಪೈಡರ್ ಅನ್ನುತ್ತೇವೆ. ಸದಾ ಒದ್ದೆಯಾಗಿರುವ ಆ ಜಿಡ್ಡು ಅದನ್ನು ನಿಧಾನವಾಗಿ ತಿನ್ನುತ್ತದೆ. ಅದು ಮುರಿದರೆ ಖರ್ಚು ದೊಡ್ಡದು.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪಿರುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 600ರವರೆಗೆ ಬಿಡಬಹುದು ಎನ್ನುತ್ತದೆ. ನಮ್ಮ ಕಡೆ ಬೋರ್ ನೀರು 200 ದಾಟುವುದು ಮಾಮೂಲು. ಕೆಲವರು ಟಿಡಿಎಸ್ ಮೀಟರ್ ಅದ್ದಿ "ಇಷ್ಟು ಗಡಸು" ಅಂತ ಹೇಳಿ ಫಿಲ್ಟರ್ ಮಾರುತ್ತಾರೆ. ಆ ಮೀಟರ್ ಗಡಸುತನ ಅಳೆಯುವುದಿಲ್ಲ, ಕರಗಿರುವ ಎಲ್ಲಾ ಲವಣಗಳನ್ನೂ ಸೇರಿಸಿ ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಗಡಸುತನಕ್ಕೇ ಬೇರೆ ಟೆಸ್ಟ್ ಸ್ಟ್ರಿಪ್ ಸಿಗುತ್ತದೆ. ಅದೂ ಬೇಡವೆಂದರೆ ಒಂದು ಬಾಟಲಿಯಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು ಅರ್ಧ ತುಂಬಿ. ಎರಡಕ್ಕೂ ಒಂದೇ ಅಳತೆಯಲ್ಲಿ ಮೈಸೋಪು ಕೆರೆದು ಹಾಕಿ ಕುಲುಕಿ. ನಲ್ಲಿ ನೀರು ನೊರೆ ನಿಲ್ಲಿಸದೆ ಹಾಲಿನ ಹಾಗೆ ಕದಡಿ, ಮೇಲೆ ಕೆನೆ ಕಟ್ಟಿದರೆ ಗಡಸು ಅಂತಲೇ ಲೆಕ್ಕ.

ಕಾವೇರಿ ನೀರು ಬೋರ್ ನೀರಿಗಿಂತ ಮೆದು. ಆದರೆ ಆ ಸಂಪರ್ಕ ಇದೆ ಎಂದಮಾತ್ರಕ್ಕೆ ನಿಶ್ಚಿಂತೆಯಾಗಿ ಇರಬೇಡಿ. ಹೊರವಲಯದ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ನೀರು ಯೋಜನೆಯ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಆದರೆ ಎಷ್ಟೋ ಕಟ್ಟಡಗಳಲ್ಲಿ ಕಾವೇರಿ, ಬೋರ್ ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಬೇಸಿಗೆಯಲ್ಲಿ ಟ್ಯಾಂಕರ್ ಕೂಡ ಅಲ್ಲೇ ಬಂದು ಖಾಲಿ ಮಾಡುತ್ತದೆ. ಮಷಿನ್ ಇಡುವ ನಿಮ್ಮ ಯುಟಿಲಿಟಿ ಕೋಣೆಯ ನಲ್ಲಿಗೆ ಬರುವ ನೀರನ್ನೇ ಪರೀಕ್ಷೆ ಮಾಡಿ.

ನೀರು ಮೆದು, ಪ್ರೆಶರ್ ಚೆನ್ನಾಗಿದೆ, 16 ಆಂಪಿಯರ್ ಸಾಕೆಟ್ಟಿಗೆ ಸರಿಯಾದ ಅರ್ಥಿಂಗ್ ಇದೆ ಅಂದರೆ ಫ್ರಂಟ್ ಲೋಡ್ ತಗೊಳ್ಳಿ. ನೀರು ಉಳಿಯುತ್ತದೆ, ಬಟ್ಟೆಯೂ ಜಾಸ್ತಿ ಸವೆಯುವುದಿಲ್ಲ. ಇಡೀ ಮನೆಯ ನೀರನ್ನು ಮೆದು ಮಾಡುವ, ಉಪ್ಪು ಹಾಕುವ ಸಾಫ್ಟ್‌ನರ್ ಇದ್ದರೂ ಸರಿಯೇ. ಬರೀ ಬೋರ್ ನೀರು, ಸಾಫ್ಟ್‌ನರ್ ಇಲ್ಲ ಅಂದರೆ ಹೀಟರ್ ಇಲ್ಲದ ಟಾಪ್ ಲೋಡ್ ಸಾಕು. ನೀರು ಎರಡು ದಿನಕ್ಕೊಮ್ಮೆ ಬರುವ ಊರಿನವರಿಗೆ ನಾನು ಸೆಮಿ ಆಟೋಮ್ಯಾಟಿಕ್ ಮಷಿನ್ನನ್ನೇ ಹೇಳುವುದು. ಅದಕ್ಕೆ ಬಕೆಟ್‌ನಲ್ಲಿ ನೀರು ತುಂಬಿದರೂ ನಡೆಯುತ್ತದೆ, ರಿಪೇರಿಯೂ ಅಗ್ಗ.

ಮೇಲಿನ ಮಹಡಿಯವರು ಪ್ರೆಶರ್ ಮರೆಯಬೇಡಿ. ಟ್ಯಾಂಕಿನ ನೀರು ಮಷಿನ್ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಪ್ರೆಶರ್. ಬಹಳಷ್ಟು ಮಾದರಿಗಳು ಕನಿಷ್ಠ 0.3ರಿಂದ 0.5 ಬಾರ್ ಕೇಳುತ್ತವೆ. ಟ್ಯಾಂಕ್ ನೇರ ತಲೆ ಮೇಲಿದ್ದರೆ ಅಷ್ಟು ಸಿಗುವುದು ಅನುಮಾನ. ಮಷಿನ್ ನೀರಿಗಾಗಿ ಕಾದು ಕಾದು ಎರರ್ ತೋರಿಸುತ್ತದೆ. ಕೊಳ್ಳುವ ಮೊದಲೇ ಮಾದರಿಯ ಕೈಪಿಡಿ ನೋಡಿ, ಬೇಕಿದ್ದರೆ ಬೂಸ್ಟರ್ ಪಂಪ್‌ನ ಖರ್ಚೂ ಸೇರಿಸಿ ಲೆಕ್ಕ ಹಾಕಿ.

ಕೆಜಿ ಲೆಕ್ಕ ಒಣ ಬಟ್ಟೆಯದ್ದು. ದಿನ ಬಿಟ್ಟು ದಿನ ಒಗೆಯುವ ನಾಲ್ಕು ಜನಕ್ಕೆ 7 ಕೆಜಿ ಸಾಕು. ದಪ್ಪ ಹೊದಿಕೆ ಮನೆಯಲ್ಲೇ ಒಗೆಯುವವರು ಮಾತ್ರ ದೊಡ್ಡದು ನೋಡಿ.

ಮನೆಗೆ ತಂದ ಮೇಲೆ ನನ್ನ ಮೊದಲ ಬೇಡಿಕೆ ಪೌಡರ್ ಕಡಿಮೆ ಮಾಡಿ ಅನ್ನುವುದು. ಪ್ಯಾಕೆಟ್ ಮೇಲಿನ ಅಳತೆ ದಾಟಬೇಡಿ. ಕೈಯಲ್ಲಿ ಒಗೆಯುವ ಪೌಡರನ್ನು ಫ್ರಂಟ್ ಲೋಡ್‌ಗೆ ಹಾಕಲೇಬೇಡಿ, ಅದರ ನೊರೆ ವಿಪರೀತ. ಗಡಸು ನೀರಿನ ಮನೆಯಲ್ಲಿ ತಿಂಗಳಿಗೊಮ್ಮೆ, ಮೆದು ನೀರಿದ್ದರೆ ಮೂರು ತಿಂಗಳಿಗೊಮ್ಮೆ ಬಿಳಿ ಪದರ ಕರಗಿಸುವ ಆಮ್ಲದ ಡಿಸ್ಕೇಲಿಂಗ್ ಪೌಡರ್ ಹಾಕಿ ಖಾಲಿ ಮಷಿನ್ ಓಡಿಸಿ. ಹೀಟರ್ ಇದ್ದರೆ 60 ಡಿಗ್ರಿಯಲ್ಲಿ ಓಡಿಸಿ. ಈ ಪೌಡರ್ ಜೊತೆ ಬ್ಲೀಚ್ ಮಾತ್ರ ಸೇರಿಸಬೇಡಿ. ಆಮ್ಲಕ್ಕೆ ಬ್ಲೀಚ್ ತಾಗಿದರೆ ವಿಷದ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಯುಟಿಲಿಟಿಯಲ್ಲಿ ಅದು ಅಪಾಯ.

ನಲ್ಲಿಗೆ ಸಿಕ್ಕಿಸುವ ಬಿಳಿ ಗುಂಡುಗಳ ಫಿಲ್ಟರ್ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿರುವುದು ಪಾಲಿಫಾಸ್ಫೇಟ್. ಅದು ಪದರ ಕೂರುವುದನ್ನು ಸ್ವಲ್ಪ ತಡೆಯುತ್ತದೆ, ನೀರಿನ ಕ್ಯಾಲ್ಸಿಯಂ ತೆಗೆಯುವುದಿಲ್ಲ. ಗುಂಡು ಕರಗಿ ಖಾಲಿಯಾದ ಮೇಲೆ ಅದು ಸುಮ್ನೆ ಒಂದು ಪ್ಲಾಸ್ಟಿಕ್ ಡಬ್ಬಿ.

ಒಗೆದಾದ ಮೇಲೆ ಫ್ರಂಟ್ ಲೋಡ್‌ನ ಬಾಗಿಲ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ಮಡಿಕೆ ಒರೆಸಿ, ಬಾಗಿಲು ತೆರೆದಿಡಿ. ಚಿಕ್ಕ ಮಕ್ಕಳಿದ್ದರೆ ಕೋಣೆಗೆ ಚಿಲಕ ಹಾಕಿ. ಕೆಳಗಿನ ಡ್ರೈನ್ ಫಿಲ್ಟರ್ ತಿಂಗಳಿಗೊಮ್ಮೆ ಬಿಚ್ಚಿ. ಹೇರ್‌ಪಿನ್, ನಾಣ್ಯ, ಸೇಫ್ಟಿ ಪಿನ್ ಎಲ್ಲಾ ಅಲ್ಲೇ ಸಿಗುತ್ತವೆ. ಹಿಂದಿನ ಪೈಪಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನೂ ತೊಳೆಯಿರಿ. ಚಕ್ರದ ಸ್ಟ್ಯಾಂಡ್ ಬೇಡ. ಸ್ಪಿನ್ ಆಗುವಾಗ ಮಷಿನ್ ಕುಣಿಯುತ್ತದೆ, ಆ ಪೆಟ್ಟು ಡ್ರಮ್ ಸಲೀಸಾಗಿ ತಿರುಗಲು ಇರುವ ಬೇರಿಂಗಿಗೆ ಬೀಳುತ್ತದೆ. ಫ್ರಂಟ್ ಲೋಡ್ ಬಂದಾಗ ಸಾಗಿಸುವಾಗ ಡ್ರಮ್ ಅಲುಗದಿರಲಿ ಅಂತ ಹಿಂದೆ ಹಾಕಿರುವ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಬಿಚ್ಚಿಸಿ ಜೋಪಾನವಾಗಿಡಿ, ಮನೆ ಬದಲಿಸುವಾಗ ಮತ್ತೆ ಬೇಕು.

ಬೇರಿಂಗ್ ಹೋಗುತ್ತಿದೆಯಾ ಅಂತ ನೀವೇ ನೋಡಬಹುದು. ಪ್ಲಗ್ ತೆಗೆದು ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಗರಗರ ಸದ್ದು ಬಂದರೆ, ಮೇಲೆತ್ತಿದಾಗ ಟಬ್ ಅಲುಗದೆ ಡ್ರಮ್ ಮಾತ್ರ ಸಡಿಲವಾಗಿ ಆಡಿದರೆ ತಡ ಮಾಡಬೇಡಿ. ಬೇಗ ಹಿಡಿದರೆ ಬೇರಿಂಗ್, ಸೀಲ್ ಎರಡನ್ನು ಬದಲಿಸಿ ಮುಗಿಸಬಹುದು. ಆದರೆ ಈಗಿನ ಕೆಲವು ಮಾದರಿಗಳಲ್ಲಿ ಟಬ್ಬಿಗೆ ಬೋಲ್ಟ್ ಇರುವುದಿಲ್ಲ, ಎರಡು ಭಾಗವನ್ನೂ ಬೆಸೆದುಬಿಟ್ಟಿರುತ್ತಾರೆ. ಅಂಥದ್ದರಲ್ಲಿ ಸಣ್ಣ ಬೇರಿಂಗ್ ಹೋದರೂ ಇಡೀ ಟಬ್ ಬದಲಿಸಿ ಅನ್ನುತ್ತಾರೆ. ಅಂಗಡಿಯವರಿಗೆ ಇದು ಗೊತ್ತಿರುವುದು ಕಡಿಮೆ. ದುಡ್ಡು ಕೊಡುವ ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್‌ಗೇ ಫೋನ್ ಮಾಡಿ, ಈ ಮಾದರಿಯ ಟಬ್ ಬಿಚ್ಚಲು ಬರುತ್ತದಾ ಅಂತ ಕೇಳಿ.