ಪ್ಯಾನಲ್ ಬಟ್ಟೆಯಿಂದ ಗೋಡೆಗೊಂದು ಕ್ವಿಲ್ಟ್

ಚಿತ್ರ ಅಚ್ಚು ಹಾಕಿದ ಪ್ಯಾನಲ್ ಬಟ್ಟೆ ಹಿಡಿದುಕೊಂಡು ತರಗತಿಗೆ ಬರುವವರಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. "ಚಿತ್ರ ಆಗಲೇ ಬಟ್ಟೆ ಮೇಲೆ ಬಂದಿದೆ. ಇದರಲ್ಲಿ ನನ್ನ ಕೈಕೆಲಸ ಅಂತ ಏನಿರುತ್ತೆ ಮೇಡಂ?" ಅಂತ ಕೇಳುತ್ತಾರೆ. ತುಂಬಾನೇ ಇರುತ್ತದೆ. ಅಚ್ಚು ಕೊಡುವುದು ಬಣ್ಣ ಮತ್ತು ಗೆರೆ ಮಾತ್ರ. ಉಬ್ಬು ತಗ್ಗು ಕೊಡುವುದು ಹೊಲಿಗೆ. ಚಿತ್ರದಲ್ಲಿ ಯಾವುದು ಮುಂದೆ ಎದ್ದು ಬರಬೇಕು, ಯಾವುದು ಹಿಂದೆ ಸರಿಯಬೇಕು ಅಂತ ನಿರ್ಧರಿಸುವವರು ನೀವು. ತುಂಡು ತುಂಡು ಬಟ್ಟೆ ಜೋಡಿಸುವ ಗೋಜಿಲ್ಲದೆ, ಮೇಲಿನ ಬಟ್ಟೆ, ನಡುವಿನ ಮೆತ್ತನೆಯ ಪದರ, ಹಿಂಬದಿ ಬಟ್ಟೆ ಮೂರನ್ನೂ ಸೇರಿಸಿ ಹೊಲಿಯುವ ಕ್ವಿಲ್ಟಿಂಗ್ ಹೊಲಿಗೆಯನ್ನು ನೇರವಾಗಿ ಕಲಿಯುವುದಕ್ಕೆ ಪ್ಯಾನಲ್‌ಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮೊದಲು ಬಟ್ಟೆ ನೋಡೋಣ. ಪ್ಯಾನಲ್‌ಗಳು ಸಾಮಾನ್ಯವಾಗಿ 42ರಿಂದ 44 ಇಂಚು ಅಗಲದ ಹತ್ತಿ ಬಟ್ಟೆಯ ಮೇಲೆ ಬರುತ್ತವೆ. 24 ಇಂಚು ಅಥವಾ 36 ಇಂಚಿಗೆ ಕತ್ತರಿಸಿ ಮಾರುವುದು ಜಾಸ್ತಿ. ಎಲ್ಲ ಪ್ಯಾನಲ್‌ಗಳೂ ನೇರವಾಗಿರುತ್ತವೆ ಅಂತ ನಂಬಬೇಡಿ. ಅಚ್ಚು ಹಾಕುವಾಗ ಬಟ್ಟೆ ರೋಲರ್‌ಗಳ ಮೇಲೆ ಬಿಗಿಯಾಗಿ ಓಡುತ್ತದೆ. ಆ ಹೊತ್ತಿಗೆ ಹೊಕ್ಕಿನ ಎಳೆ ಸ್ವಲ್ಪ ಓರೆಯಾಗಿದ್ದರೂ ಚಿತ್ರ ಓರೆ ಬಟ್ಟೆಯ ಮೇಲೇ ಕೂರುತ್ತದೆ. ಆಮೇಲೆ ಬಟ್ಟೆ ಸಡಿಲವಾದಾಗ ಚಿತ್ರ ಸೊಟ್ಟಗಾಗುತ್ತದೆ. ಅದಕ್ಕೇ ಕತ್ತರಿ ಮುಟ್ಟುವ ಮೊದಲು ಅಳತೆ ಟೇಪು ಹಿಡಿಯಿರಿ. ನಾಲ್ಕು ಬದಿ ಅಳೆಯಿರಿ, ಎದುರುಬದುರು ಮೂಲೆಗಳ ನಡುವೆ ಓರೆಯಾಗಿ ಎರಡೂ ಕಡೆ ಅಳೆಯಿರಿ. ಓರೆ ಅಳತೆಗಳಲ್ಲಿ ಕಾಲು ಇಂಚಿನ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧ ಇಂಚು ದಾಟಿದರೆ ಸರಿ ಮಾಡಲೇಬೇಕು.

ಸರಿ ಮಾಡುವ ಮೊದಲು ಬಣ್ಣ ಬಿಡುತ್ತದೆಯೇ ಅಂತ ಪರೀಕ್ಷಿಸಿ. ಬಿಳಿ ಬಟ್ಟೆಯ ತುಂಡೊಂದನ್ನು ಒದ್ದೆ ಮಾಡಿ, ಕೆಂಪು, ಕಡುನೀಲಿ, ಕಪ್ಪು ಇರುವ ಜಾಗದ ಮೇಲಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ. ಬಿಳಿ ಬಿಳಿಯಾಗೇ ಉಳಿದರೆ ನಿಶ್ಚಿಂತೆ. ಬಣ್ಣ ಹತ್ತಿದರೆ ಆ ಪ್ಯಾನಲ್‌ಗೆ ಮುಂದೆ ಎಲ್ಲೂ ನೀರು ಬಳಸಬಾರದು, ಒಣ ಇಸ್ತ್ರಿಯಲ್ಲೇ ಸಾಗಿಸಬೇಕು.

ಬಣ್ಣ ಬಿಡದ ಬಟ್ಟೆಗೆ ನೀರು ಚಿಮುಕಿಸಿ. ಯಾವ ಓರೆ ಅಳತೆ ಚಿಕ್ಕದೋ ಆ ಎರಡು ಮೂಲೆ ಹಿಡಿದು ಮೆಲ್ಲಗೆ ಎಳೆಯಿರಿ. ಜೊತೆಗೆ ಒಬ್ಬರು ಇದ್ದರೆ ಸುಲಭ. ಮತ್ತೆ ಅಳೆದು, ಹಲಗೆಗೆ ಪಿನ್ ಚುಚ್ಚಿ, ಗಂಜಿ ಸ್ಪ್ರೇ ಹೊಡೆದು ಇಸ್ತ್ರಿ ಹಾಕಿ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಎತ್ತಿ ಒತ್ತಿ. ಉಜ್ಜಿದರೆ ಈಗಷ್ಟೇ ನೇರ ಮಾಡಿದ್ದು ಮತ್ತೆ ಸೊಟ್ಟಗಾಗುತ್ತದೆ. ಇಷ್ಟಾದರೂ ಬಗ್ಗದಿದ್ದರೆ ಇನ್ನೊಂದು ಉಪಾಯ ಇದೆ. ಚಿತ್ರದ ಅಂಚಿನ ಬಣ್ಣಕ್ಕೇ ಹೊಂದುವ ಬಟ್ಟೆಯಿಂದ ಸುತ್ತ ಒಂದು ಸಣ್ಣ ಬಾರ್ಡರ್ ಹೊಲಿಯಿರಿ. ಆ ಬಾರ್ಡರನ್ನು ಮೂಲೆಮಟ್ಟ ಇಟ್ಟು ನೇರಕ್ಕೆ ಕತ್ತರಿಸಿ. ಒಂದು ಕಡೆ ಒಂದು ಇಂಚು, ಇನ್ನೊಂದು ಕಡೆ ಮುಕ್ಕಾಲು ಇಂಚು ಉಳಿದರೂ ಬಣ್ಣ ಬೆರೆತುಹೋಗಿರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ.

ಹೊರಗಿನ ಬಾರ್ಡರ್‌ಗೆ ಅಳತೆಯನ್ನು ಪ್ಯಾನಲ್‌ನ ಅಂಚಿನಲ್ಲಿ ತೆಗೆಯಬೇಡಿ, ನಡುವೆ ತೆಗೆಯಿರಿ. ಅಂಚು ಕೈಯಾಡಿ ಹಿಗ್ಗಿರುತ್ತದೆ. ಆ ಅಳತೆಗೆ ಪಟ್ಟಿ ಕತ್ತರಿಸಿ, ನಡು ಮತ್ತು ಎರಡು ತುದಿ ಹೊಂದಿಸಿ ಪಿನ್ ಹಾಕಿ, ಹಿಗ್ಗಿದ್ದನ್ನು ಅದರೊಳಗೇ ಹಂಚಿ ಹೊಲಿಯಿರಿ. ಉದ್ದನೆಯ ಪಟ್ಟಿ ಇಟ್ಟು ಸುಮ್ನೆ ಹೊಲಿದುಕೊಂಡು ಹೋಗಿ ಕೊನೆಗೆ ಕತ್ತರಿಸುವವರ ಬಾರ್ಡರ್ ಗೋಡೆಯ ಮೇಲೆ ಅಲೆಅಲೆಯಾಗಿ ನಿಲ್ಲುತ್ತದೆ.

ಒಳಗಿನ ಮೆತ್ತನೆಯ ಪದರ, ಅಂದರೆ ಬ್ಯಾಟಿಂಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಗೋಡೆಗೆ ತೂಗುವುದಕ್ಕೆ ತೆಳುವಾದ ಹತ್ತಿ ಬ್ಯಾಟಿಂಗ್, ಇಲ್ಲವೇ 80 ಭಾಗ ಹತ್ತಿ 20 ಭಾಗ ಪಾಲಿಯೆಸ್ಟರ್ ಇರುವುದು. ಉಬ್ಬಿದ ಪಾಲಿಯೆಸ್ಟರ್ ಹಾಸಿಗೆಯ ಮೇಲೆ ಚೆನ್ನ, ಗೋಡೆಯ ಮೇಲೆ ಜೋತುಬೀಳುತ್ತದೆ. ಹಿಂಬದಿಯ ಬಟ್ಟೆ, ಬ್ಯಾಟಿಂಗ್ ಎರಡೂ ಎಲ್ಲ ಕಡೆ ಮೂರು ನಾಲ್ಕು ಇಂಚು ದೊಡ್ಡದಿರಲಿ. ಮೂರೂ ಪದರ ಸುಕ್ಕಿಲ್ಲದೆ ಹಾಸಿ, ಕೈ ಅಗಲಕ್ಕೊಂದರಂತೆ ಸೇಫ್ಟಿ ಪಿನ್ ಹಾಕಿ.

ಇನ್ನು ಹೊಲಿಗೆ. ಸೂಜಿ ಇಳಿಸುವ ಮೊದಲು ಪ್ಯಾನಲ್‌ನ ಫೋಟೋ ತೆಗೆದು ಕಾಗದದ ಮೇಲೆ ಪ್ರಿಂಟ್ ಮಾಡಿಕೊಳ್ಳಿ. ಅದರ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಈ ಒಂದು ಹೆಜ್ಜೆ ಬಿಟ್ಟವರೇ ಅರ್ಧಕ್ಕೆ ನಿಂತು ಯೋಚಿಸುತ್ತಾ ಕೂರುವುದು.

ಒಂದು ಪ್ಯಾನಲ್ ಇಟ್ಟುಕೊಂಡೇ ಹೇಳುತ್ತೇನೆ. ಕೆರೆಯಲ್ಲಿ ಕೊಕ್ಕರೆ ನಿಂತಿದೆ. ಮುಂದೆ ನಾಲ್ಕು ಜೊಂಡು, ಹಿಂದೆ ಜೊಂಡಿನ ಗುಂಪು, ಮೇಲೆ ಆಕಾಶ. ಮೊದಲ ಹೊಲಿಗೆ ಚಿತ್ರ ಮತ್ತು ಬಾರ್ಡರ್ ಕೂಡುವ ಗೆರೆಯ ತಗ್ಗಿನಲ್ಲಿ. ಪದರಗಳನ್ನು ಒಟ್ಟಿಗೆ ಸಮನಾಗಿ ಸಾಗಿಸುವ ವಾಕಿಂಗ್ ಫೂಟ್ ಹಾಕಿ ನೇರವಾಗಿ ಹೊಲಿಯಿರಿ. ಇದು ಮೂರೂ ಪದರಗಳನ್ನು ಹಿಡಿದು ನಿಲ್ಲಿಸುತ್ತದೆ, ಆಮೇಲಿನ ಯಾವ ಹೊಲಿಗೆಯೂ ಚಿತ್ರವನ್ನು ಸೊಟ್ಟ ಮಾಡದಂತೆ ಕಾಯುತ್ತದೆ. ಎರಡನೆಯದು ಕೊಕ್ಕರೆಯ ಹೊರಗೆರೆ. ಇಲ್ಲಿಂದ ಮುಂದೆ ಮಷಿನ್ನಿನಲ್ಲಿ ಬಟ್ಟೆಯನ್ನು ಕೆಳಗಿನಿಂದ ಎಳೆಯುವ ಹಲ್ಲು ಇಳಿಸಿ, ಫ್ರೀ ಮೋಷನ್ ಫೂಟ್ ಹಾಕಿ ಬಟ್ಟೆಯನ್ನು ಕೈಯಲ್ಲೇ ನಡೆಸಬೇಕು.

ರೆಕ್ಕೆಗೆ ಬಂದಾಗ ಅಚ್ಚಿನಲ್ಲಿರುವ ಗರಿಗಳನ್ನೆಲ್ಲ ಒಂದೊಂದಾಗಿ ಸುತ್ತಬೇಕು ಅನ್ನಿಸುತ್ತದೆ ಅಲ್ವಾ? ಬೇಡ. ಹೊಲಿಗೆ ಬಿದ್ದಷ್ಟೂ ಆ ಜಾಗ ತಗ್ಗುತ್ತದೆ. ಎಲ್ಲ ಗರಿ ಸುತ್ತಿದರೆ ರೆಕ್ಕೆ ಪೂರ್ತಿ ಚಪ್ಪಟೆ. ರೆಕ್ಕೆಯ ಮೇಲಂಚು ಮತ್ತು ಮೂರು ನಾಲ್ಕು ಉದ್ದ ಗರಿ ಸಾಕು. ಕುತ್ತಿಗೆಗೆ ಎರಡು ಬದಿಯ ಗೆರೆ ಮಾತ್ರ, ನಡುವೆ ಏನೂ ಬೇಡ, ಅದು ದುಂಡಗೆ ಉಬ್ಬಿ ನಿಲ್ಲುತ್ತದೆ. ಕಣ್ಣಿನೊಳಗೆ ಸೂಜಿ ಇಳಿಸಲೇಬೇಡಿ. ಮನುಷ್ಯರ ಮುಖ ಇರುವ ಪ್ಯಾನಲ್‌ನಲ್ಲಂತೂ ಇನ್ನೂ ಎಚ್ಚರ ಬೇಕು. ಗದ್ದದ ಅಂಚು, ಕೂದಲ ಅಂಚು ಸಾಕು. ಕೆನ್ನೆಯ ಮೇಲೆ ಒಂದು ಗೆರೆ ಹಾದರೂ ಮಗುವಿನ ಮುಖಕ್ಕೆ ಸುಕ್ಕು ಬರುತ್ತದೆ.

ಮುಂದಿನ ಜೊಂಡಿಗೆ ಹೊರಗೆರೆ ಹೊಲಿದು ಒಳಗೆ ಖಾಲಿ ಬಿಡಿ. ಹಿಂದಿನ ಗುಂಪಿನ ಮೇಲೆ ಕಾಲು ಇಂಚಿಗೊಂದರಂತೆ ಒತ್ತಾಗಿ ಹೊಲಿಗೆ ತುಂಬಿ. ಅದು ಒಳಕ್ಕೆ ಕೂತಾಗ ಮುಂದಿನ ನಾಲ್ಕು ತಾನಾಗಿ ಎದ್ದು ಬರುತ್ತವೆ. ನೀರಿಗೆ ಅಡ್ಡ ಗೆರೆಗಳು. ಹತ್ತಿರದ ನೀರಲ್ಲಿ ಗೆರೆಗಳ ನಡುವೆ ಅಂತರ ಜಾಸ್ತಿ ಇರಲಿ, ದೂರ ಹೋದಂತೆ ಕಮ್ಮಿ ಮಾಡುತ್ತಾ ಬನ್ನಿ. ಚಪ್ಪಟೆ ಬಟ್ಟೆಯಲ್ಲಿ ಕೆರೆಗೆ ದೂರ ಬರುವುದನ್ನು ನೀವೇ ನೋಡುತ್ತೀರಿ. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಘಳಿಗೆ ಅದು.

ಆದರೆ ಒಂದು ಕಟ್ಟುಪಾಡು ಇದೆ. ಒತ್ತಾದ ಹೊಲಿಗೆ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಡುವೆ ಒತ್ತಾಗಿ ತುಂಬಿ ಬಾರ್ಡರನ್ನು ಖಾಲಿ ಬಿಟ್ಟರೆ ನಡು ಕುಗ್ಗಿ ಅಂಚು ತೆರೆಯಂತೆ ಏಳುತ್ತದೆ. ಉಬ್ಬಲು ಬಿಟ್ಟ ಜಾಗಗಳು ಸಣ್ಣದಾಗಿರಲಿ, ಮೂರು ಇಂಚಿಗಿಂತ ದೊಡ್ಡ ಖಾಲಿ ಜಾಗ ನಾನು ಎಲ್ಲೂ ಬಿಡುವುದಿಲ್ಲ. ಹಿನ್ನೆಲೆ ಎಷ್ಟು ಒತ್ತಾಗಿದೆಯೋ ಬಾರ್ಡರ್‌ಗೂ ಹೆಚ್ಚುಕಮ್ಮಿ ಅಷ್ಟೇ ಹೊಲಿಗೆ ಕೊಡಿ.

ದಾರದ ಬಣ್ಣ ಬಟ್ಟೆಯ ಬಣ್ಣದಲ್ಲಿ ಕರಗಲಿ. ಕಪ್ಪು ದಾರದಲ್ಲಿ ಸುತ್ತ ಗೆರೆ ಹಾಕಿದರೆ ಚಿತ್ರ ಒರಟಾಗುತ್ತದೆ, ಗೆರೆ ಅಚ್ಚಿನಲ್ಲೇ ಇದೆಯಲ್ಲ. ನಾನು ಬಹುಪಾಲು 50ರ ಹತ್ತಿ ದಾರ ಬಳಸುತ್ತೇನೆ (ಸಂಖ್ಯೆ ಹೆಚ್ಚಿದಷ್ಟೂ ದಾರ ತೆಳು). ಬಣ್ಣ ಪದೇಪದೇ ಬದಲಾಗುವ ಕಡೆ ಮೇಲೆ ತೆಳುವಾದ ಪಾರದರ್ಶಕ ದಾರ. ನೀರಿಗೆ ಮಾತ್ರ 40ರ ಪಾಲಿಯೆಸ್ಟರ್, ಅದರ ಹೊಳಪು ಅಲ್ಲಿ ಒಪ್ಪುತ್ತದೆ.

ಸೂಜಿಯ ಬಗ್ಗೆ ಜಾಸ್ತಿ ಜನ ಯೋಚಿಸುವುದಿಲ್ಲ. ಡಿಜಿಟಲ್ ಅಚ್ಚಿನ ಹಲವು ಪ್ಯಾನಲ್‌ಗಳಲ್ಲಿ ಬಣ್ಣ ಎಳೆಯೊಳಗೆ ಇಳಿಯದೆ ಮೇಲ್ಮೈಯಲ್ಲೇ ಕೂತಿರುತ್ತದೆ. ಹಿಂಬದಿ ತಿರುಗಿಸಿ ನೋಡಿ, ಬೆಳ್ಳಗಿದ್ದರೆ ಅದೇ. ಅಂಥ ಬಟ್ಟೆಯಲ್ಲಿ ದಪ್ಪ ಸೂಜಿ ಚುಚ್ಚಿದಲ್ಲೆಲ್ಲ ಸಣ್ಣ ಬಿಳಿ ಚುಕ್ಕಿ ಕಾಣುತ್ತದೆ. ಕಡುಬಣ್ಣದ ಮೇಲಂತೂ ಎದ್ದು ಕಾಣುತ್ತದೆ. ಮಾಮೂಲಿ 80/12 ಅಳತೆಯ ಸೂಜಿ ಬಿಟ್ಟು ಅದಕ್ಕಿಂತ ತೆಳುವಾದ 70/10ರ ಚೂಪು ಮೊನೆಯ ಮೈಕ್ರೊಟೆಕ್ಸ್ ಸೂಜಿ ಹಾಕಿ. ಹೊಲಿಗೆ ಬಿಚ್ಚಿದರೂ ಆ ಚುಕ್ಕಿಗಳು ಉಳಿಯುತ್ತವೆ. ಹಾಗಾಗಿ ಪ್ಯಾನಲ್‌ನ ಅಂಚಿನಲ್ಲಿ ಕತ್ತರಿಸಿ ತೆಗೆದ ತುಂಡನ್ನು ಬಿಸಾಡದೆ, ಅದೇ ಬ್ಯಾಟಿಂಗ್ ಇಟ್ಟು ಮೊದಲು ಅದರ ಮೇಲೆ ಹೊಲಿದು ನೋಡಿ.

ಹೊಲಿಗೆ ಮುಗಿದ ಕ್ವಿಲ್ಟ್ ಮತ್ತೆ ಸ್ವಲ್ಪ ಸೊಟ್ಟಗಿರುತ್ತದೆ. ಗಾಬರಿ ಬೇಡ. ದಪ್ಪ ಹಲಗೆಯ ಮೇಲೆ ಹಾಸಿ, ಬಣ್ಣ ಬಿಡದ ಬಟ್ಟೆಯಾದರೆ ನೀರು ಚಿಮುಕಿಸಿ, ಕೈಯಲ್ಲೇ ನೇರ ಮಾಡಿ, ಮೂಲೆಯಿಂದ ಮೂಲೆಗೆ ಅಳತೆ ಸಮ ಬರುವ ತನಕ ಸರಿಸಿ ಪಿನ್ ಹಾಕಿ. ಪೂರ್ತಿ ಒಣಗಲಿ. ಆಮೇಲೆಯೇ ಅಂಚು ಕತ್ತರಿಸಿ. ಆತುರಕ್ಕೆ ಒಣಗುವ ಮೊದಲೇ ಕತ್ತರಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಅಂಚು ಕಟ್ಟಲು ಎರಡೂವರೆ ಇಂಚಿನ ಪಟ್ಟಿ ಮಡಚಿ ಹೊಲಿದರೆ ಸಾಕು.

ತೂಗುಹಾಕಲು ಹಿಂದೆ ಬಟ್ಟೆಯ ಕೊಳವೆ ಬೇಕು. ಮೇಲಿನ ಎರಡು ಮೂಲೆಗೆ ಕ್ಲಿಪ್ ಹಾಕಿದರೆ ನಡು ಜೋಲುತ್ತದೆ. ಕ್ವಿಲ್ಟ್‌ನ ಅಗಲಕ್ಕಿಂತ ಎರಡು ಇಂಚು ಕಮ್ಮಿ ಉದ್ದ, ಒಂಬತ್ತು ಇಂಚು ಅಗಲದ ಪಟ್ಟಿಯಿಂದ ಕೊಳವೆ ಹೊಲಿಯಿರಿ. ಅದನ್ನು ಹಿಂಬದಿಗೆ ಬಿಗಿಯಾಗಿ ಕೂರಿಸಬೇಡಿ, ಹೊರಗಿನ ಪದರದಲ್ಲಿ ಅರ್ಧ ಇಂಚು ಸಡಿಲ ಬಿಡಿ. ಕೋಲಿನ ದಪ್ಪ ಆ ಸಡಿಲದಲ್ಲಿ ಅಡಗುತ್ತದೆ, ಇಲ್ಲದಿದ್ದರೆ ಮುಂಭಾಗದಲ್ಲಿ ದಿಂಡಿನಂತೆ ಉಬ್ಬುತ್ತದೆ. ಕೊಳವೆಯ ಕೆಳ ಅಂಚನ್ನು ಕೈಯಲ್ಲಿ ಹೊಲಿಯುವಾಗ ಸೂಜಿ ಹಿಂಬದಿ ಬಟ್ಟೆ, ಬ್ಯಾಟಿಂಗ್ ಎರಡನ್ನು ಮಾತ್ರ ಹಿಡಿಯಲಿ, ಮುಂದಕ್ಕೆ ಬರಬಾರದು.

ನೇರ ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ. ಧೂಳು ಕೂತರೆ ವ್ಯಾಕ್ಯೂಮ್ ಕ್ಲೀನರ್ ಮೂತಿಗೆ ಬಲೆಬಟ್ಟೆ ಕಟ್ಟಿ ಕಡಿಮೆ ವೇಗದಲ್ಲಿ ಎಳೆಯಿರಿ. ಹಿಂಬದಿಯ ಮೂಲೆಯಲ್ಲಿ ಒಂದು ಚೀಟಿ ಹೊಲಿದು ನಿಮ್ಮ ಹೆಸರು, ವರ್ಷ, ಬ್ಯಾಟಿಂಗ್ ಯಾವುದು, ಬಟ್ಟೆ ಬಣ್ಣ ಬಿಡುತ್ತದೆಯೋ ಇಲ್ಲವೋ ಅಂತ ಬರೆದಿಡಿ. ಮುಂದೆ ಅದನ್ನು ತೊಳೆಯಲು ಹೊರಟವರಿಗೆ ಬೇಕಾಗುವುದು ಅದೇ.